ಸ್ಥಳಪುರಾಣ, ಶಾಸನ, ಆಯಿಯ ಮಾತು: ಯಾವುದು ಯಾವುದಕ್ಕೆ ಆಧಾರ?

ಪ್ರಶ್ನೆ: ನಾನು ಶಿರಸಿ ತಾಲೂಕಿನ ಹಳ್ಳಿಯೊಂದರ ನಿವೃತ್ತ ಶಿಕ್ಷಕ. ನಮ್ಮೂರ ದೇವಿಯ ಗುಡಿಯ ಕುರಿತು ಕನ್ನಡ ವಿಕಿಪೀಡಿಯದಲ್ಲಿ ಒಂದು ಲೇಖನ ಬರೆದಿದ್ದೇನೆ. ನಮ್ಮ ದೇವಿ ಶಿರಸಿಯ ಮಾರಿಕಾಂಬೆಯ ತಂಗಿ ಎಂದೂ, ಗುಡಿಗೆ 1200 ವರ್ಷಗಳ ಇತಿಹಾಸವಿದೆ ಎಂದೂ, ಮಯೂರವರ್ಮನು ಅಹಿಚ್ಛತ್ರದಿಂದ ಕರೆತಂದ ಕುಟುಂಬಗಳೇ ಇದನ್ನು ಸ್ಥಾಪಿಸಿದವೆಂದೂ ಬರೆದೆ. ಆಧಾರವಾಗಿ ಜಾತ್ರೆಯ ಸ್ಮರಣ ಸಂಚಿಕೆಯನ್ನೂ ಸ್ಥಳಪುರಾಣವನ್ನೂ ಕೊಟ್ಟೆ; ತಂಗಿಯ ಕಥೆ ಮಾತ್ರ ನಮ್ಮ ಆಯಿಯ ಬಾಯಿಂದ ಕೇಳಿದ್ದು. ಬೇರೆ ಜಿಲ್ಲೆಯ ಸಂಪಾದಕರೊಬ್ಬರು ಮೊದಲು ‘ಸಾಕ್ಷ್ಯಾಧಾರ ಬೇಕಾಗಿದೆ’ ಎಂಬ ಗುರುತು ಹಾಕಿದರು, ಆಮೇಲೆ ಮೂರನ್ನೂ ತೆಗೆದುಹಾಕಿದರು. ನಾನು ಮತ್ತೆ ಸೇರಿಸಿದೆ, ಅವರು ಮತ್ತೆ ತೆಗೆದರು. ಹೀಗೆ ನಾಲ್ಕು ಸಲ ಆದ ಮೇಲೆ ನಿರ್ವಾಹಕರು ಪುಟಕ್ಕೆ ಬೀಗ ಹಾಕಿದ್ದಾರೆ. ಬ್ರಿಟಿಷರು ಬರೆಸಿದ ಗೆಜೆಟಿಯರ್ ಆಧಾರವಾಗುತ್ತದೆ, ನಮ್ಮ ಹಿರಿಯರ ಮಾತು ಏಕೆ ಆಗುವುದಿಲ್ಲ?

ಉತ್ತರ: ತಮ್ಮ ಪತ್ರದ ಕೊನೆಯ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಬಂದೇ ಬರುತ್ತೇನೆ. ಅದಕ್ಕೂ ಮೊದಲು ಆ ಮೂರು ವಾಕ್ಯಗಳನ್ನು ಬಿಡಿಸಿ ನೋಡಬೇಕು, ಏಕೆಂದರೆ ಅವು ಒಂದೇ ಬಗೆಯ ವಾಕ್ಯಗಳಲ್ಲ. ಒಂದು ನಂಬಿಕೆಯನ್ನು ಹೇಳುತ್ತದೆ, ಇನ್ನೊಂದು ಕಾಲವನ್ನು ಹೇಳುತ್ತದೆ, ಮೂರನೆಯದು ಒಬ್ಬ ಅರಸನು ಮಾಡಿದ ಕೆಲಸವನ್ನು ಹೇಳುತ್ತದೆ. ಮೂರಕ್ಕೂ ಬೇಕಾದ ಆಧಾರ ಬೇರೆ ಬೇರೆ. ಆ ಸಂಪಾದಕರು ಮೂರನ್ನೂ ಒಂದೇ ಏಟಿಗೆ ತೆಗೆದದ್ದು ಅವಸರ. ತಾವು ಮೂರನ್ನೂ ಒಂದೇ ಏಟಿಗೆ ಮರಳಿ ಸೇರಿಸಿದ್ದೂ ಅಷ್ಟೇ ಅವಸರ. ಕನ್ನಡ ವಿಕಿಪೀಡಿಯದಲ್ಲಿ ದೇವಸ್ಥಾನ, ಮಠ, ಬಸದಿ, ದರ್ಗಾಗಳ ಲೇಖನಗಳ ಮೇಲೆ ನಡೆಯುವ ಜಗಳಗಳನ್ನು ನಾನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಹೊರಗಿನಿಂದ ನೋಡಿದರೆ ಅವು ಭಕ್ತರಿಗೂ ನಂಬದವರಿಗೂ ನಡುವಿನ ಜಗಳದಂತೆ ಕಾಣುತ್ತವೆ. ಒಳಹೊಕ್ಕು ಓದಿದಾಗ ಬಹುಪಾಲು ಸಲ ಸಿಗುವುದು ಬೇರೆಯೇ: ಆಧಾರದಲ್ಲಿ ಇರುವುದಕ್ಕಿಂತ ಹೆಚ್ಚನ್ನು ವಾಕ್ಯ ಹೇಳಿರುತ್ತದೆ, ಆ ಹೆಚ್ಚಿನ ಭಾಗದ ಮೇಲೆಯೇ ಜಗಳ ನಡೆದಿರುತ್ತದೆ. ವಾಕ್ಯವನ್ನು ಆಧಾರದ ಅಳತೆಗೆ ತಂದರೆ ಜಗಳಕ್ಕೆ ಉಳಿಯುವ ಜಾಗ ಬಹಳ ಕಡಿಮೆ.

ವಿಕಿಪೀಡಿಯದ ನಿಯಮವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಲೇಖನದಲ್ಲಿ ಇರುವ ಮಾತನ್ನು, ಅದನ್ನು ಬರೆದವರ ಪರಿಚಯವಿಲ್ಲದ ಯಾರೋ ಒಬ್ಬರು, ಬೀದರಿನಲ್ಲೋ ಚಾಮರಾಜನಗರದಲ್ಲೋ ಕುಳಿತು, ಪ್ರಕಟವಾದ ಬರಹವೊಂದನ್ನು ತೆರೆದು ಸರಿಯೇ ಎಂದು ನೋಡುವಂತಿರಬೇಕು. ಎರಡು ಬರಹಗಳನ್ನು ಜೋಡಿಸಿ ಅವೆರಡರಲ್ಲೂ ಇಲ್ಲದ ಹೊಸ ತೀರ್ಮಾನವನ್ನು ಸಂಪಾದಕರು ತಾವೇ ಹೊರಡಿಸಬಾರದು. ಇದನ್ನು ಸ್ವಂತ ಸಂಶೋಧನೆ ಎನ್ನುತ್ತಾರೆ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೆ ಅವರವರ ಹೆಸರಿನಲ್ಲಿ, ಅವರವರ ತೂಕಕ್ಕೆ ತಕ್ಕಂತೆ ಹೇಳಬೇಕು. ದೇವರಿದ್ದಾನೆಯೇ, ಲಿಂಗ ಸ್ವಯಂಭುವೇ ಎಂಬುದನ್ನು ತೀರ್ಮಾನಿಸುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ಯಾರು ಏನು ಹೇಳಿದ್ದಾರೆ, ಎಲ್ಲಿ ಹೇಳಿದ್ದಾರೆ ಎಂಬುದಷ್ಟೇ ಅಲ್ಲಿನ ಕೆಲಸ.

ಈಗ ಮಯೂರವರ್ಮನ ವಾಕ್ಯಕ್ಕೆ ಬರೋಣ. ಇದು ನಮ್ಮ ಜಿಲ್ಲೆಯ ಹತ್ತಾರು ಲೇಖನಗಳಲ್ಲಿ ಬರುವ ವಾಕ್ಯವಾದ್ದರಿಂದ ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಕದಂಬ ವಂಶದ ಮೂಲಪುರುಷನ ಬಗ್ಗೆ ನಮಗಿರುವ ಅತಿ ಮುಖ್ಯ ದಾಖಲೆ ತಾಳಗುಂದದ ಕಂಬಶಾಸನ. ಶಾಸನಗಳ ಪಾಠಗಳನ್ನು ಅಚ್ಚು ಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ 7ನೆಯ ಸಂಪುಟದಲ್ಲಿ ಅದು ಶಿಕಾರಿಪುರ ತಾಲೂಕಿನ 176ನೆಯ ಶಾಸನ. 5ನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಆ ಶಾಸನ, ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಬ್ರಾಹ್ಮಣ ಯುವಕನೊಬ್ಬನು ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ್ದನ್ನು ವರ್ಣಿಸುತ್ತದೆ. ಅಲ್ಲಿ ಅವನ ಹೆಸರು ಮಯೂರಶರ್ಮ. ಮಯೂರವರ್ಮ ಎಂಬ ರೂಪ ಬರುವುದು ಬಹಳ ನಂತರದ ದಾಖಲೆಗಳಲ್ಲಿ. ಹೀಗಾಗಿ ಲೇಖನವೊಂದರಲ್ಲಿ ‘ಮಯೂರವರ್ಮ’ ಎಂದು ಓದಿದೊಡನೆಯೇ ಬರೆದವರು ಶಾಸನವನ್ನು ನೋಡಿಲ್ಲ, ಪರಂಪರೆಯಿಂದ ಬಂದ ಕಥೆಯನ್ನು ಕೇಳಿ ಬರೆದಿದ್ದಾರೆ ಎಂಬ ಊಹೆ ಮಾಡಬಹುದು. ನನ್ನ ಅನುಭವದಲ್ಲಿ ಆ ಊಹೆ ತಪ್ಪಾದದ್ದು ಅಪರೂಪ.

ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದ ಮಾತು ಆ ಕಂಬಶಾಸನದಲ್ಲಿ ಇಲ್ಲ. ತಾಳಗುಂದದಲ್ಲಿಯೇ ಇರುವ, ಶತಮಾನಗಳ ನಂತರದ ಇನ್ನೊಂದು ಶಾಸನ ಅಂಥ ಕಥೆಯನ್ನು ಹೇಳುತ್ತದೆ, ಆದರೆ ಆ ಕೆಲಸ ಮಾಡಿದವನು ಮುಕ್ಕಣ್ಣ ಕದಂಬ ಎನ್ನುತ್ತದೆ. ಮಯೂರವರ್ಮನ ಹೆಸರಿನಲ್ಲಿ ಈ ಕಥೆ ಬರುವುದು ಸಹ್ಯಾದ್ರಿ ಖಂಡದಲ್ಲಿ, ಬ್ರಾಹ್ಮಣ ಮನೆತನಗಳ ಮೂಲವನ್ನು ಹೇಳುವ ಗ್ರಾಮಪದ್ಧತಿ ಎಂಬ ಬರಹಗಳಲ್ಲಿ. ಸಹ್ಯಾದ್ರಿ ಖಂಡವನ್ನು ಹಸ್ತಪ್ರತಿಗಳಿಂದ ಸಂಗ್ರಹಿಸಿ 1877ರಲ್ಲಿ ಮುಂಬಯಿಯಲ್ಲಿ ಅಚ್ಚು ಹಾಕಿಸಿದವರು ಜೆ. ಗೆರ್ಸನ್ ಡ ಕುನ್ಹಾ. ಅದು ಸ್ಕಂದಪುರಾಣದ ಭಾಗವೆಂದು ಹೇಳಿಕೊಂಡರೂ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೈಗಳು ಸೇರಿಸಿದ ಪದರುಗಳು ಅದರಲ್ಲಿವೆ. ಒಂದು ಸಮುದಾಯವನ್ನು ಹೊಗಳಿ ಇನ್ನೊಂದನ್ನು ಹೀಯಾಳಿಸುವ ಅಧ್ಯಾಯಗಳೂ ಇವೆ. ಕೊಂಕಣದಿಂದ ತುಳುನಾಡಿನವರೆಗೆ ಅನೇಕ ಸಮುದಾಯಗಳು ತಮ್ಮ ಮೂಲವನ್ನು ಅದರಲ್ಲಿ ಹುಡುಕುತ್ತ ಬಂದಿವೆ. ಇಂಥ ಗ್ರಂಥದಿಂದ ‘4ನೆಯ ಶತಮಾನದಲ್ಲಿ ಹೀಗೆ ನಡೆಯಿತು’ ಎಂದು ಬರೆಯಲಾಗದು. ‘ಹೀಗೆ ನಡೆಯಿತೆಂದು ಸಹ್ಯಾದ್ರಿ ಖಂಡ ಹೇಳುತ್ತದೆ’ ಎಂದು ಧಾರಾಳವಾಗಿ ಬರೆಯಬಹುದು, ಪುಟಸಂಖ್ಯೆಯೊಡನೆ. ಆದರೆ ತಮ್ಮ ವಾಕ್ಯದಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ಆ ಗ್ರಂಥದಲ್ಲಿ ತಮ್ಮೂರ ಗುಡಿಯ ಹೆಸರು ಇಲ್ಲದಿದ್ದರೆ, ಮಯೂರವರ್ಮ ಕರೆತಂದವರು ಎಂಬ ಕಥೆಯನ್ನೂ ನಮ್ಮ ಊರಿನ ಹಳೆಯ ಮನೆತನಗಳು ಎಂಬ ತಿಳಿವಳಿಕೆಯನ್ನೂ ಜೋಡಿಸಿ, ‘ಆದ್ದರಿಂದ ಗುಡಿ ಅವರದೇ ಸ್ಥಾಪನೆ’ ಎಂದದ್ದು ತಾವೇ. ಸ್ವಂತ ಸಂಶೋಧನೆ ಎಂಬ ಆಕ್ಷೇಪ ಬಂದದ್ದು ಈ ಜೋಡಣೆಗೆ. ಅದು ಸರಿಯಾದ ಆಕ್ಷೇಪ.

ಇದೇ ತೊಡಕು ಗೋಕರ್ಣದ ಲೇಖನಕ್ಕೂ ಇದೆ, ಅಲ್ಲಿ ಅದನ್ನು ಬಿಡಿಸುವ ದಾರಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ‘ರಾವಣನು ತಂದ ಆತ್ಮಲಿಂಗವಿರುವ ಮಹಾಬಲೇಶ್ವರ ದೇವಾಲಯವನ್ನು ಕದಂಬ ಮಯೂರಶರ್ಮನು 4ನೆಯ ಶತಮಾನದಲ್ಲಿ ಕಟ್ಟಿಸಿದನು’ ಎಂಬ ವಾಕ್ಯವನ್ನು ಯಾರೋ ಬರೆದಿದ್ದಾರೆಂದು ಇಟ್ಟುಕೊಳ್ಳಿ. ಇದರಲ್ಲಿ ಪುರಾಣ, ರಾಜಕೀಯ ಇತಿಹಾಸ, ಕಟ್ಟಡದ ಕಾಲ ಮೂರೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡಿವೆ. ಒಬ್ಬರು ರಾವಣನ ಮಾತನ್ನು ಪ್ರಶ್ನಿಸಿದರೆ ಇನ್ನೊಬ್ಬರಿಗೆ ಇಡೀ ಕ್ಷೇತ್ರವನ್ನೇ ಪ್ರಶ್ನಿಸಿದಂತೆ ಅನ್ನಿಸುತ್ತದೆ. ಬಿಡಿಸಿದರೆ ಹೀಗಾಗುತ್ತದೆ. ರಾವಣ ಕೈಲಾಸದಿಂದ ತಂದ ಆತ್ಮಲಿಂಗವನ್ನು ಗಣಪತಿ ಗೋಕರ್ಣದಲ್ಲಿ ನೆಲಕ್ಕಿಟ್ಟನೆಂಬುದು ಕ್ಷೇತ್ರದ ಸ್ಥಳಪುರಾಣ. ಆ ಮಾತಿಗೆ ಸ್ಥಳಪುರಾಣದ ಅಚ್ಚಾದ ಆವೃತ್ತಿಯೇ ಸರಿಯಾದ ಆಧಾರ, ಅದಕ್ಕಿಂತ ಒಳ್ಳೆಯ ಆಧಾರ ಬೇಡ. ಗೋಕರ್ಣ ಎಷ್ಟು ಹಳೆಯ ಶಿವಕ್ಷೇತ್ರ ಎಂಬ ಪ್ರಶ್ನೆಗೆ ಕಾಳಿದಾಸನಿದ್ದಾನೆ: ರಘುವಂಶದ 8ನೆಯ ಸರ್ಗದಲ್ಲಿ ದಕ್ಷಿಣ ಸಮುದ್ರದ ದಡದ ಗೋಕರ್ಣದಲ್ಲಿ ನೆಲೆಸಿದ ಈಶ್ವರನ ಸೇವೆಗೆ ನಾರದ ಹೊರಟಿರುತ್ತಾನೆ, ಅವನ ವೀಣೆಯ ಮೇಲಿನ ಹೂಮಾಲೆ ಗಾಳಿಗೆ ಜಾರಿ ಇಂದುಮತಿಯ ಮೇಲೆ ಬೀಳುತ್ತದೆ. ಮಹಾಭಾರತದ ವನಪರ್ವದ ತೀರ್ಥಯಾತ್ರಾ ಭಾಗದಲ್ಲೂ ಗೋಕರ್ಣದ ಹೆಸರಿದೆ. ಆದ್ದರಿಂದ ‘ಕಾಳಿದಾಸನ ಕಾಲಕ್ಕಾಗಲೇ ಗೋಕರ್ಣ ಪ್ರಸಿದ್ಧ ಶಿವಕ್ಷೇತ್ರವಾಗಿತ್ತು’ ಎಂಬ ವಾಕ್ಯವನ್ನು ಯಾರೂ ಅಲುಗಾಡಿಸಲಾರರು. ಇನ್ನು ಕಟ್ಟಡವನ್ನು ಯಾರು ಯಾವಾಗ ಕಟ್ಟಿಸಿದರು ಎಂಬುದು ಮೂರನೆಯ ಪ್ರಶ್ನೆ. ಕ್ಷೇತ್ರದ ಹಳಮೆ ಬೇರೆ, ಇಂದು ಕಣ್ಣೆದುರಿಗಿರುವ ಕಲ್ಲುಗೋಡೆಯ ವಯಸ್ಸು ಬೇರೆ. ತಾಳಗುಂದದ ಕಂಬಶಾಸನ ಮಯೂರಶರ್ಮನ ಕಥೆಯನ್ನು ಹೇಳಿದರೂ ಗೋಕರ್ಣದಲ್ಲಿ ಅವನು ಗುಡಿ ಕಟ್ಟಿಸಿದ ಮಾತನ್ನು ಎತ್ತುವುದಿಲ್ಲ. ಈ ಭಾಗಕ್ಕೆ ವಾಸ್ತು ಮತ್ತು ಶಾಸನಗಳನ್ನು ಅಧ್ಯಯನ ಮಾಡಿದವರ ಬರಹವೇ ಬೇಕು, ಅದು ಸಿಗುವವರೆಗೆ ಆ ವಾಕ್ಯ ಲೇಖನದಲ್ಲಿ ಇರಬೇಕಾಗಿಲ್ಲ. ಹೀಗೆ ಮಾಡಿದ್ದರಿಂದ ಗೋಕರ್ಣಕ್ಕೆ ಕುಂದೇನೂ ಬರಲಿಲ್ಲ, ಓದುಗನಿಗೆ ಮೊದಲಿಗಿಂತ ಹೆಚ್ಚು ತಿಳಿಯಿತು.

ಎರಡನೆಯದು 1200 ವರ್ಷದ ಮಾತು. ಸ್ಮರಣ ಸಂಚಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಜೀರ್ಣೋದ್ಧಾರ ಯಾವ ಇಸವಿಯಲ್ಲಿ ಆಯಿತು, ಪುನಃಪ್ರತಿಷ್ಠೆಗೆ ಯಾರು ಬಂದಿದ್ದರು, ಜಾತ್ರೆಯ ಕ್ರಮವೇನು, ಯಾವ ಮನೆತನಕ್ಕೆ ಯಾವ ಸೇವೆ ಎಂಬುದನ್ನೆಲ್ಲ ಅದಕ್ಕಿಂತ ಚೆನ್ನಾಗಿ ಹೇಳುವ ಬರಹ ಬೇರೆ ಸಿಗುವುದಿಲ್ಲ, ಆ ಮಾತುಗಳಿಗೆ ಅದನ್ನು ಆಧಾರವಾಗಿ ಕೊಡಬಹುದು. ಆದರೆ ಗುಡಿಯ ವಯಸ್ಸಿನ ವಿಷಯ ಬಂದಾಗ, ಆಡಳಿತ ಮಂಡಳಿ ತನ್ನದೇ ಗುಡಿಯ ಬಗ್ಗೆ ಹೇಳಿಕೊಂಡ ಮಾತು ಅದು, ಬೇರೆಯವರು ಪರೀಕ್ಷಿಸಿದ್ದಲ್ಲ. ಆ ಸಂಚಿಕೆಯ ಲೇಖಕರು 1200 ಎಂಬ ಅಂಕಿಯನ್ನು ಎಲ್ಲಿಂದ ತಂದರೆಂದು ನೋಡಿ. ಶಾಸನವೊಂದನ್ನು ಹೆಸರಿಸಿದ್ದರೆ ಆ ಶಾಸನಕ್ಕೇ ಹೋಗಿ.

ಇಲ್ಲಿ ನಮ್ಮ ಜಿಲ್ಲೆಯವರು ಎಡವುವ ಒಂದು ಕಲ್ಲಿದೆ. ಶಾಸನವೆಂದರೆ ಎಪಿಗ್ರಾಫಿಯಾ ಕರ್ನಾಟಿಕಾ ಎಂದು ಎಲ್ಲರೂ ಅದನ್ನೇ ತೆರೆಯುತ್ತಾರೆ, ತಮ್ಮೂರ ಹೆಸರು ಕಾಣದೆ ಶಾಸನವೇ ಇಲ್ಲವೆಂದು ಕೈಬಿಡುತ್ತಾರೆ. ಬಿ. ಎಲ್. ರೈಸ್ ಅವರು ಹೊರತಂದ ಆ ಮೂಲ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸಂಬಂಧಿಸಿದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ 1956ರವರೆಗೆ ಅಲ್ಲಿಯೇ ಇತ್ತು. ಹೀಗಾಗಿ ನಮ್ಮ ಶಾಸನಗಳನ್ನು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯಲ್ಲಿರುವ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ, ಎಪಿಗ್ರಾಫಿಯಾ ಇಂಡಿಕಾದಲ್ಲಿ, ಪುರಾತತ್ವ ಇಲಾಖೆಯ ವಾರ್ಷಿಕ ಶಾಸನ ವರದಿಗಳಲ್ಲಿ, ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳಲ್ಲಿ ಹುಡುಕಬೇಕು. ಹಳ್ಳಿಯ ಹೆಸರಿನ ಹಳೆಯ ಇಂಗ್ಲಿಷ್ ಕಾಗುಣಿತಗಳನ್ನು ಊಹಿಸಿ ಹುಡುಕಬೇಕಾಗುತ್ತದೆ; ಶಿರಸಿಯೇ ಅಲ್ಲಿ ಒಂದಕ್ಕಿಂತ ಹೆಚ್ಚು ರೂಪದಲ್ಲಿ ಬರುತ್ತದೆ. ಶಾಸನ ಸಿಕ್ಕರೂ ಕಲ್ಲನ್ನು ತಾವೇ ಓದಿ ಅರ್ಥ ಹೇಳಬೇಡಿ. ಶಾಸನ ಸಂಪುಟದ ಸಂಪಾದಕರು ಕೊಟ್ಟ ಪಾಠ ಮತ್ತು ಸಾರಾಂಶವನ್ನು ಉಲ್ಲೇಖಿಸಿ.

ಅಂಕಿಗಳ ಬಗ್ಗೆ ನಾನು ಇಷ್ಟು ಬಿಗಿಯಾಗಿ ಮಾತನಾಡುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ಬಹಳ ಹಿಂದೆ ಕರಾವಳಿಯ ಒಂದು ಬಂಡಿಹಬ್ಬದ ಲೇಖನದಲ್ಲಿ, ಹಬ್ಬದಲ್ಲಿ ಕೇಳಿದ ಮಾತನ್ನು ನಂಬಿ, ಈ ಆಚರಣೆ 400 ವರ್ಷಗಳಿಂದ ನಡೆದುಬಂದಿದೆ ಎಂದು ಆಧಾರವಿಲ್ಲದೆ ಬರೆದಿದ್ದೆ. ಕೆಲವು ವರ್ಷಗಳ ನಂತರ ಒಬ್ಬರು ಆಧಾರ ಕೇಳಿದರು. ಹುಡುಕಿದೆ, ಪತ್ರಿಕೆಯೊಂದರ ವರದಿಯಲ್ಲಿ ಅದೇ 400 ವರ್ಷ ಅಚ್ಚಾಗಿತ್ತು. ಸಂತೋಷದಿಂದ ಅದನ್ನು ಅಡಿಟಿಪ್ಪಣಿಗೆ ಸೇರಿಸಿದೆ. ಮರುದಿನ ಆ ವರದಿಯನ್ನು ಪೂರ್ತಿ ಓದುವಾಗ ‘ಪರಿವಾರ ದೇವತೆಗಳು’ ಎಂದಿರಬೇಕಾದಲ್ಲಿ ‘ಪರಿಹಾರ ದೇವತೆಗಳು’ ಎಂದಿರುವುದು ಕಣ್ಣಿಗೆ ಬಿತ್ತು. ಅದು ನನ್ನ ಕೈತಪ್ಪು. ನನ್ನ ಲೇಖನದಲ್ಲಿ ನಾನೇ ಹಾಗೆ ಬೆರಳಚ್ಚು ಮಾಡಿದ್ದೆ. ವರದಿಗಾರರು ವಿಕಿಪೀಡಿಯವನ್ನು ನೋಡಿ ಬರೆದಿದ್ದರು, ನಾನು ಅವರನ್ನು ನೋಡಿ ವಿಕಿಪೀಡಿಯಕ್ಕೆ ಆಧಾರ ಕೊಟ್ಟಿದ್ದೆ. ಯಾರೂ ಎಂದೂ ಪರೀಕ್ಷಿಸದ ಒಂದು ಮಾತು ಈಗ ಅಡಿಟಿಪ್ಪಣಿ ಸಮೇತ ನಿಂತಿತ್ತು. ಅಡಿಟಿಪ್ಪಣಿಯನ್ನೂ ವಾಕ್ಯವನ್ನೂ ಆ ದಿನವೇ ತೆಗೆದೆ, ಆದರೆ ಅಷ್ಟರಲ್ಲಿ ಆ ಅಂಕಿ ಇನ್ನೆಲ್ಲಿಗೆ ಹೋಗಿತ್ತೋ ಹೇಳಬರುವುದಿಲ್ಲ. ಈಗ ಜಾತ್ರೆ, ಹಬ್ಬಗಳ ಬಗ್ಗೆ ಪತ್ರಿಕೆಯ ವರದಿ ಸಿಕ್ಕಿದಾಗ ಅದರ ದಿನಾಂಕವನ್ನೂ, ಲೇಖನದ ಬದಲಾವಣೆಗಳೆಲ್ಲ ದಾಖಲಾಗುವ ‘ಇತಿಹಾಸ’ ಪುಟದಲ್ಲಿ ಆ ಮಾತು ಮೊದಲು ಕಾಣಿಸಿಕೊಂಡ ದಿನಾಂಕವನ್ನೂ ಪಕ್ಕಪಕ್ಕ ಇಟ್ಟು ನೋಡದೆ ಸೇರಿಸುವುದಿಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ 1688 ಎಂಬ ಇಸವಿ ಎಷ್ಟೋ ಕಡೆ ಅಚ್ಚಾಗಿದೆ. ಎಷ್ಟು ಕಡೆ ಅಚ್ಚಾಗಿದೆ ಎಂಬುದಕ್ಕಿಂತ, ಅವುಗಳಲ್ಲಿ ಯಾವುದು ದಾಖಲೆಯನ್ನು ನೋಡಿ ಬರೆದದ್ದು ಎಂಬುದೇ ಮುಖ್ಯ.

ಮಾರಿಕಾಂಬೆಯ ಲೇಖನದ ವಿಷಯ ಬಂದದ್ದರಿಂದ ಒಂದು ಅಕ್ಷರದ ಬಗ್ಗೆಯೂ ಹೇಳಬೇಕು. ಗಾಂಧೀಜಿ 1934ರ ಹರಿಜನ ಯಾತ್ರೆಯಲ್ಲಿ ಶಿರಸಿಗೆ ಬಂದಿದ್ದರು. ಜಾತ್ರೆಯಲ್ಲಿ ಕೋಣನ ಬಲಿ ನಿಂತಿತು. ಈ ಎರಡು ಸಂಗತಿಗಳನ್ನು ಜೋಡಿಸಿ ‘ಗಾಂಧೀಜಿ ಬಂದದ್ದರಿಂದಲೇ ಬಲಿ ನಿಂತಿತು’ ಎಂದು ಬರೆದಾಗ, ‘ಲೇ’ ಎಂಬ ಒಂದಕ್ಷರಕ್ಕೆ ಬೇರೆಯದೇ ಆಧಾರ ಬೇಕಾಗುತ್ತದೆ. ಊರಿನವರು ಮೊದಲೇ ಎಷ್ಟು ಶ್ರಮಿಸಿದ್ದರು, ದೇವಸ್ಥಾನದ ಮೊಕ್ತೇಸರರು ಯಾವಾಗ ಏನು ನಿರ್ಧರಿಸಿದರು ಎಂಬುದೆಲ್ಲ ಆ ‘ಲೇ’ಯಲ್ಲಿ ಮುಚ್ಚಿಹೋಗುತ್ತದೆ. ಇದಕ್ಕೆ ನೋಡಬೇಕಾದದ್ದು ಆ ವರ್ಷದ ‘ಹರಿಜನ’ ವಾರಪತ್ರಿಕೆಯ ಸಂಚಿಕೆಗಳನ್ನು ಮತ್ತು ಗಾಂಧೀಜಿಯವರ ಸಮಗ್ರ ಬರಹಗಳಲ್ಲಿ ಆ ಯಾತ್ರೆಯ ಭಾಗವನ್ನು. ಧಾರ್ಮಿಕ ಲೇಖನಗಳಲ್ಲಿ ಇಂಥ ‘ಲೇ’, ‘ಏಕೈಕ’, ‘ಅತಿ ಪ್ರಾಚೀನ’, ‘ಜಗತ್ಪ್ರಸಿದ್ಧ’ ಎಂಬ ಮಾತುಗಳನ್ನು ತೆಗೆದರೆ ಅರ್ಧ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಇದಕ್ಕೆ ಎದುರಾದ ಇನ್ನೊಂದು ರೋಗವೂ ಇದೆ. ಆಕ್ಷೇಪಕ್ಕೆ ಹೆದರಿದ ಸಂಪಾದಕರು ಪ್ರತಿ ವಾಕ್ಯದ ಕೊನೆಗೆ ‘ಎನ್ನಲಾಗಿದೆ’, ‘ಎಂದು ಪ್ರತೀತಿ ಇದೆ’ ಎಂದು ಅಂಟಿಸುತ್ತಾರೆ. ಕನ್ನಡದ ಕರ್ಮಣಿ ಪ್ರಯೋಗ ಇದಕ್ಕೆ ಬಹಳ ಅನುಕೂಲ. ಹೇಳಿದವರು ಯಾರೆಂದು ಹೇಳದೆಯೇ ಹೇಳಿಬಿಡಬಹುದು. ಸೋಂದೆಯ ವಾದಿರಾಜರ ವಿಷಯವನ್ನೇ ತೆಗೆದುಕೊಳ್ಳಿ. ‘ವಾದಿರಾಜರು 120 ವರ್ಷ ಬದುಕಿದ್ದರು ಎನ್ನಲಾಗಿದೆ’ ಎಂದರೆ ಭಕ್ತರಿಗೆ ಅನುಮಾನಿಸಿದಂತೆ ಕೇಳುತ್ತದೆ, ಸಂಶೋಧಕರಿಗೆ ಜಾರಿಕೊಂಡಂತೆ ಕೇಳುತ್ತದೆ. ‘ಮಾಧ್ವ ಪರಂಪರೆಯ ಪ್ರಕಾರ ವಾದಿರಾಜರು 1480ರಿಂದ 1600ರವರೆಗೆ, 120 ವರ್ಷಗಳ ಕಾಲ ಬದುಕಿದ್ದು ಸೋಂದೆಯಲ್ಲಿ ವೃಂದಾವನಸ್ಥರಾದರು’ ಎಂದರೆ ಹೇಳಿದವರು ಯಾರೆಂಬುದು ಸ್ಪಷ್ಟ, ಇಬ್ಬರೂ ಒಪ್ಪಬಹುದಾದ ವಾಕ್ಯ. ಹಾಗೆಯೇ ‘ಕಟ್ಟುಕಥೆ’, ‘ಮೂಢನಂಬಿಕೆ’ ಎಂಬ ಪದಗಳು ತೀರ್ಪು ಕೊಡುತ್ತವೆ. ‘ಐತಿಹ್ಯ’, ‘ಸ್ಥಳಪುರಾಣ’, ‘ನಂಬಿಕೆ’ ಎಂಬ ಪದಗಳು ತೀರ್ಪು ಕೊಡದೆ ವಿಷಯವನ್ನು ಹೇಳುತ್ತವೆ. ಗೌರವದ ರೂಪಗಳಲ್ಲೂ ಇದೇ ಎಚ್ಚರ ಬೇಕು. ಕನ್ನಡದಲ್ಲಿ ಕ್ರಿಯಾಪದವೇ ಗೌರವವನ್ನು ಹೊತ್ತಿರುತ್ತದೆ: ಅರಸನು ‘ಆಳಿದನು’, ಯತಿಗಳು ‘ರಚಿಸಿದರು’. ಸೋಂದೆ ಒಂದೇ ಊರಿನಲ್ಲಿ ವಾದಿರಾಜ ಮಠ, ಸ್ವರ್ಣವಲ್ಲೀ ಮಠ, ಸ್ವಾದಿ ಜೈನ ಮಠ ಮೂರೂ ಇವೆ. ಒಂದು ಪೀಠದವರಿಗೆ ‘ಪರಮಪೂಜ್ಯ’ ಎಂದು ಬರೆದು ಇನ್ನೊಂದು ಪೀಠದವರಿಗೆ ಬರೀ ಹೆಸರು ಬರೆದರೆ ಅಡಿಟಿಪ್ಪಣಿ ಎಷ್ಟಿದ್ದರೂ ಲೇಖನ ವಾಲುತ್ತದೆ. ಬಿರುದುಗಳನ್ನೆಲ್ಲ ಬಿಟ್ಟು, ಎಲ್ಲರಿಗೂ ಬಹುವಚನದ ಸಾಮಾನ್ಯ ಗೌರವ ಕೊಡುವುದು ನಾನು ಕಂಡ ಒಳ್ಳೆಯ ರೂಢಿ. ಭಟ್ಕಳದ ಮಸೀದಿಯ ಲೇಖನಕ್ಕೂ ಹೊನ್ನಾವರದ ಇಗರ್ಜಿಯ ಲೇಖನಕ್ಕೂ ಅದೇ ಅಳತೆ ಸಲ್ಲಬೇಕು.

ಈಗ ತಮ್ಮ ಕೊನೆಯ ಪ್ರಶ್ನೆ. ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 15ನೆಯ ಸಂಪುಟ ನಮ್ಮ ಜಿಲ್ಲೆಗೆ ಸಂಬಂಧಿಸಿದ್ದು. ಜೇಮ್ಸ್ ಕ್ಯಾಂಪ್‌ಬೆಲ್ ಅವರ ಸಂಪಾದಕತ್ವದಲ್ಲಿ 1883ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು. ಅದಕ್ಕೂ ಮೊದಲು ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಸೀಮೆಯಲ್ಲಿ ಓಡಾಡಿ, ಗೋಕರ್ಣ, ಸೋಂದೆ, ಶಿರಸಿಗಳನ್ನು ಕಂಡು ಬರೆದದ್ದು 1807ರಲ್ಲಿ ಅಚ್ಚಾಯಿತು. ಇವರಿಗೆ ಮಾಹಿತಿ ಕೊಟ್ಟವರು ಯಾರು? ನಮ್ಮ ಊರುಗಳ ಅರ್ಚಕರು, ಶಾನುಭೋಗರು, ಗೌಡರು. ಬುಕಾನನ್ ಎಷ್ಟೋ ಕಡೆ ‘ಇಲ್ಲಿನ ಬ್ರಾಹ್ಮಣರು ಹೀಗೆನ್ನುತ್ತಾರೆ’ ಎಂದೇ ಬರೆಯುತ್ತಾನೆ. ಹಾಗಾಗಿ ಹಿರಿಯರ ಮಾತು ಇಂಗ್ಲಿಷಿನಲ್ಲಿ ಅಚ್ಚಾದರೆ ಆಧಾರ, ಕನ್ನಡದಲ್ಲಿ ಬಾಯಿಂದ ಬಂದರೆ ಅಲ್ಲವೇ ಎಂಬ ತಮ್ಮ ನೋವು ಸರಿಯಾದದ್ದು, ನನಗೂ ಅದಿದೆ. ಅದಕ್ಕೆ ಉತ್ತರ ಗೆಜೆಟಿಯರನ್ನು ತಲೆಯ ಮೇಲೆ ಹೊತ್ತುಕೊಳ್ಳುವುದೂ ಅಲ್ಲ. ಆ ಪುಸ್ತಕವನ್ನು 1883ರಲ್ಲಿ ಇದ್ದದ್ದಕ್ಕೆ ಆಧಾರವಾಗಿ ಬಳಸಿ: ಆಗ ಜಾತ್ರೆ ಹೇಗೆ ನಡೆಯುತ್ತಿತ್ತು, ಎಷ್ಟು ಜನ ಸೇರುತ್ತಿದ್ದರು, ಗುಡಿಯ ಸ್ಥಿತಿ ಹೇಗಿತ್ತು. 4ನೆಯ ಶತಮಾನದಲ್ಲಿ ನಡೆದದ್ದಕ್ಕೆ ಅದು ಸಾಕ್ಷಿಯಲ್ಲ. ಜಾತಿಗಳ ಸ್ವಭಾವ, ಮೂಲಗಳ ಬಗ್ಗೆ ಅಲ್ಲಿರುವ ವರ್ಣನೆಗಳನ್ನಂತೂ ಮುಟ್ಟಲೇಬೇಡಿ. ವಸಾಹತು ಕಾಲದ ಅಂಥ ಬರಹಗಳನ್ನು ಇಂಗ್ಲಿಷ್ ವಿಕಿಪೀಡಿಯದ ಅನುಭವಿ ಸಂಪಾದಕರೂ ಈಗ ಆಧಾರವೆಂದು ಒಪ್ಪುವುದಿಲ್ಲ. ತಮ್ಮ ಪುಟದ ಸಂಪಾದಕರು ಗೆಜೆಟಿಯರನ್ನು ಎಲ್ಲದಕ್ಕೂ ಆಧಾರವಾಗಿ ಮುಂದಿಟ್ಟಿದ್ದರೆ, ಅದನ್ನು ಪ್ರಶ್ನಿಸುವ ಹಕ್ಕು ತಮಗಿದೆ.

ಬಾಯಿಮಾತಿನ ಪ್ರಶ್ನೆಯನ್ನು ವಿಕಿಮೀಡಿಯದವರು ಎತ್ತಿಕೊಂಡಿಲ್ಲವೆಂದಲ್ಲ. 2011ರಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕಾದ ಒಂದು ಭಾಷೆಯಲ್ಲಿ ಬಾಯಿಮಾತನ್ನು ಧ್ವನಿಮುದ್ರಿಸಿ ಆಧಾರವಾಗಿ ಬಳಸುವ ಪ್ರಯೋಗ ನಡೆಯಿತು. ಅದು ಸಾಮಾನ್ಯ ನಿಯಮವಾಗಲಿಲ್ಲ. ಆಕ್ಷೇಪಿಸಿದವರ ಮಾತಿನಲ್ಲೂ ಹುರುಳಿತ್ತು: ಒಬ್ಬರ ಅಜ್ಜಿಯ ಮಾತು ಆಧಾರವಾದರೆ ಇನ್ನೊಬ್ಬರ ಅಜ್ಜಿ ಅದಕ್ಕೆ ವಿರುದ್ಧವಾಗಿ ಹೇಳಿದ್ದನ್ನು ಯಾರು ತೂಗಬೇಕು? ಮಾರಿಯ ಕಥೆಗಳಲ್ಲಿ ಈ ತೊಡಕು ಬರೀ ಊಹೆಯಲ್ಲ. ಅಕ್ಕತಂಗಿಯರ ಕಥೆ ಪಕ್ಕದ ಊರಿನಲ್ಲಿ ತಿರುಗುಮುರುಗಾಗಿರಬಹುದು, ಅವರ ದೇವಿಯೇ ಹಿರಿಯಳಾಗಿರಬಹುದು. ಕೋಣನ ಬಲಿಗೆ ಕಾರಣ ಹೇಳುವ ಕಥೆಗಳು ಒಂದು ಸಮುದಾಯದ ಮನೆಯಲ್ಲಿ ಒಂದು ಬಗೆ, ಇನ್ನೊಂದು ಸಮುದಾಯದ ಕೇರಿಯಲ್ಲಿ ಇನ್ನೊಂದು ಬಗೆ. ಕೆಲವದರಲ್ಲಿ ಜಾತಿಯ ಗಾಯ ಇನ್ನೂ ಹಸಿಯಾಗಿದೆ. ಅಲ್ಲಿ ಒಂದನ್ನೇ ‘ಇದೇ ಕಥೆ’ ಎಂದು ಬರೆದರೆ ಉಳಿದವರ ಬಾಯಿ ಮುಚ್ಚಿಸಿದಂತಾಗುತ್ತದೆ. ಹಾಗಾಗಿ ಆಯಿಯ ಮಾತು ಲೇಖನಕ್ಕೆ ಬರಬೇಕು, ಆದರೆ ಪ್ರಕಟಣೆಯ ಬಾಗಿಲಿನಿಂದ ಬರಬೇಕು.

ಮಠಾಧೀಶರು, ಅರ್ಚಕರು, ಧರ್ಮದರ್ಶಿಗಳಂಥ ಈಗ ಬದುಕಿರುವವರ ಬಗ್ಗೆ ಆಧಾರವಿಲ್ಲದ ಆಪಾದನೆ ಕಂಡರೆ ಚರ್ಚೆಗೆ ಕಾಯಬೇಕಿಲ್ಲ, ತಕ್ಷಣ ತೆಗೆಯಬೇಕು. ಆಡಳಿತದ ವ್ಯಾಜ್ಯಗಳಿದ್ದಾಗ ನ್ಯಾಯಾಲಯದ ತೀರ್ಪನ್ನು ಬಹಳ ಎಚ್ಚರದಿಂದ ಓದಬೇಕು. ಗೋಕರ್ಣ ದೇವಸ್ಥಾನದ ಆಡಳಿತದ ವ್ಯಾಜ್ಯದಲ್ಲಿ 2018ರಲ್ಲಿ ಹೈಕೋರ್ಟ್ ತೀರ್ಪು, 2021ರಲ್ಲಿ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶ ಬಂದಿವೆ. ಇಂಥ ತೀರ್ಪುಗಳಲ್ಲಿ ಮೊದಲು ಪುಟಗಟ್ಟಲೆ ಎರಡೂ ಕಡೆಯವರ ವಾದಗಳಿರುತ್ತವೆ. ಒಂದು ಕಡೆಯವರ ವಾದವನ್ನು ಎತ್ತಿ ‘ನ್ಯಾಯಾಲಯ ಹೀಗೆ ಹೇಳಿದೆ’ ಎಂದು ಬರೆದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಲೇಖನಗಳಲ್ಲಿ ಕಂಡಿದ್ದೇನೆ. ತಾವು ಗುಡಿಯ ಆಡಳಿತ ಮಂಡಳಿಯಲ್ಲಿದ್ದರೆ ಅದನ್ನು ಚರ್ಚೆ ಪುಟದಲ್ಲಿ ಮೊದಲೇ ಹೇಳಿಬಿಡಿ. ಭಕ್ತರಾಗಿರುವುದು ತೊಂದರೆಯೇ ಅಲ್ಲ, ಅದನ್ನು ಯಾರಾದರೂ ಆಕ್ಷೇಪಿಸಿದರೆ ಉತ್ತರಿಸಬೇಕಾಗಿಲ್ಲ.

ಪುಟದ ಬೀಗ ತೆಗೆಸಲು ಅವಸರಪಡಬೇಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಬದಲಾವಣೆಯನ್ನು ಹಿಂದೆಗೆದರೆ ಖಾತೆಯನ್ನೇ ತಡೆಯಬಹುದು. ಯಾವ ಭಾಷೆಯ ವಿಕಿಪೀಡಿಯದಲ್ಲೂ ಮೇಲಿಂದ ಮೇಲೆ ಮರುಸೇರಿಸುವವರ ಮಾತಿಗೆ ಬೆಲೆ ಕಡಿಮೆಯಾಗುತ್ತದೆ. ಚರ್ಚೆ ಪುಟದಲ್ಲಿ ಆ ಸಂಪಾದಕರನ್ನು ಹೆಸರು ಹಿಡಿದು, ಗೌರವದಿಂದ ಕರೆದು, ಅವರು ಯಾವ ಧರ್ಮದವರು, ಯಾವ ಪಕ್ಷದವರು ಎಂಬ ಮಾತೇ ಎತ್ತದೆ, ಪ್ರತಿ ವಾಕ್ಯಕ್ಕೂ ಬೇರೆ ಬೇರೆ ಶೀರ್ಷಿಕೆ ಕೊಟ್ಟು ಬರೆಯಿರಿ. ಮಯೂರವರ್ಮನ ವಾಕ್ಯವನ್ನು ತಾವೇ ಹಿಂದೆಗೆದುಕೊಳ್ಳುವುದಾಗಿ ಮೊದಲು ಹೇಳಿ. ಆಮೇಲಿನ ಮಾತನ್ನು ಅವರು ಬೇರೆ ಕಿವಿಯಿಂದ ಕೇಳುತ್ತಾರೆ. 1200 ವರ್ಷದ ಬದಲಿಗೆ ಸಂಚಿಕೆಯಲ್ಲಿರುವ ಜೀರ್ಣೋದ್ಧಾರದ ಇಸವಿಯನ್ನು, ಸಂಚಿಕೆಯ ಹೆಸರು, ಪ್ರಕಟಣೆಯ ವರ್ಷ, ಪುಟಸಂಖ್ಯೆಗಳೊಡನೆ ಸೂಚಿಸಿ. ತಂಗಿಯ ಕಥೆ ಸಂಚಿಕೆಯಲ್ಲಿ ಒಂದು ಸಾಲಿನಷ್ಟಾದರೂ ಇದ್ದರೆ, ‘ದೇವಸ್ಥಾನದ ಸ್ಮರಣ ಸಂಚಿಕೆಯ ಪ್ರಕಾರ ಊರಿನವರು ಈ ದೇವಿಯನ್ನು ಶಿರಸಿಯ ಮಾರಿಕಾಂಬೆಯ ತಂಗಿಯೆಂದು ನಂಬುತ್ತಾರೆ’ ಎಂಬ ವಾಕ್ಯ ಇಂದೇ ಲೇಖನಕ್ಕೆ ಸೇರಬಹುದು. ಒಂದು ವಾರ ಕಾಯಿರಿ. ಒಮ್ಮತವಾಗದಿದ್ದರೆ ಕನ್ನಡ ವಿಕಿಪೀಡಿಯದ ಸಂಪಾದಕರೆಲ್ಲ ಸೇರಿ ಚರ್ಚಿಸುವ ‘ಅರಳಿ ಕಟ್ಟೆ’ ಪುಟದಲ್ಲಿ ವಿಷಯವಿಟ್ಟು ಬೇರೆ ಸಂಪಾದಕರನ್ನು ಕರೆಯಿರಿ.

ಆಯಿಯ ಕಥೆಯ ಕೆಲಸ ಇದಕ್ಕಿಂತ ತುರ್ತಿನದು. ಮೊಬೈಲಿನಲ್ಲೇ ಸಾಕು, ಅವರು ಹೇಳುವುದನ್ನು ಅವರ ಮಾತಿನಲ್ಲೇ, ನಡುವೆ ತಿದ್ದದೆ, ಧ್ವನಿಮುದ್ರಿಸಿ. ಮೊದಲಿಗೆ ಅವರ ಹೆಸರು, ಊರು, ವಯಸ್ಸು, ದಿನಾಂಕ, ಈ ಕಥೆಯನ್ನು ಅವರು ಯಾರಿಂದ ಎಲ್ಲಿ ಕೇಳಿದ್ದು ಎಂಬುದನ್ನು ಅವರಿಂದಲೇ ಹೇಳಿಸಿ. ಪಕ್ಕದ ಊರಿನ, ಬೇರೆ ಸಮುದಾಯದ ಹಿರಿಯರಿಬ್ಬರಿಂದಲೂ ಅದೇ ಕಥೆಯನ್ನು ಹೇಳಿಸಿಕೊಳ್ಳಿ. ಪಾಠವನ್ನು ಬರಹಕ್ಕಿಳಿಸಿ ಜಾನಪದ ಪತ್ರಿಕೆಯೊಂದಕ್ಕೆ ಕಳಿಸಿ, ಅಥವಾ ಜಿಲ್ಲೆಯ ಕಾಲೇಜಿನ ಕನ್ನಡ ವಿಭಾಗದಲ್ಲಿ ಜಾನಪದ ಓದಿಸುವವರ ಕೈಗೆ ಕೊಡಿ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೇ ಇದೆ. ಅವರು ಅದನ್ನು ಇತರ ಪಾಠಗಳೊಡನೆ ಹೋಲಿಸಿ ಪ್ರಕಟಿಸಿದ ದಿನ ಲೇಖನದ ಅಡಿಟಿಪ್ಪಣಿಯಲ್ಲಿ ಆಯಿಯ ಹೆಸರೂ ಇರುತ್ತದೆ, ಬೀದರಿನವರೂ ಅದನ್ನು ತೆರೆದು ನೋಡಬಹುದು. ಮಳೆಗಾಲದಲ್ಲಿ ಅಡಿಕೆ ತೋಟದ ಕೆಲಸ ಕಡಿಮೆಯಿರುವ ಮಧ್ಯಾಹ್ನವೊಂದನ್ನು ಇದಕ್ಕೆ ಇಟ್ಟುಕೊಳ್ಳಿ, ಹಂಚಿನ ಮೇಲೆ ಮಳೆ ಬೀಳದ ಹೊತ್ತು ನೋಡಿ. ಇಲ್ಲವಾದರೆ ಧ್ವನಿ ಸ್ಪಷ್ಟವಾಗಿ ಬರುವುದಿಲ್ಲ.